ಮಗು ಆಡಿದಂತೆಯೇ: ಮಕ್ಕಳ ಪ್ರಕರಣಗಳಲ್ಲಿ ಸರ್ಕಾರಿ ವಕೀಲರ ಕೆಲಸ



ಈ ದತ್ತಿ ಉಪನ್ಯಾಸ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ನೆನಪಿನಲ್ಲಿ ನಡೆದುಬಂದಿದೆ. ಅವರ ಮಕ್ಕಳು ನನ್ನನ್ನು ಆಹ್ವಾನಿಸಲು ಮನೆಗೆ ಬಂದಿದ್ದರು. "ನಮ್ಮಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರು, ನೀವು ಮಕ್ಕಳ ಕೇಸು ನಡೆಸಿದವರು. ಅದನ್ನೇ ಮಾತಾಡಿ ಮೇಡಂ" ಎಂದರು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಪ್ರಕರಣಗಳನ್ನು ಸರ್ಕಾರದ ಪರವಾಗಿ ನಡೆಸುವುದರಲ್ಲಿ ನನ್ನ ವೃತ್ತಿಯ ಬಹುಭಾಗ ಕಳೆಯಿತು. ಆ ಅನುಭವವನ್ನು ನಿಮ್ಮ ಮುಂದಿಡುತ್ತೇನೆ. ಮಕ್ಕಳ ಗುರುತು ಕಾಯುವುದು ನನ್ನ ಕರ್ತವ್ಯ. ಆದ್ದರಿಂದ ಊರು, ಹೆಸರು, ವರ್ಷ ಯಾವುದನ್ನೂ ಹೇಳುವುದಿಲ್ಲ.

ನಾನು ಹೇಳಬೇಕಾದದ್ದು ಒಂದೇ ಮಾತು. ಇಂಥ ಪ್ರಕರಣದಲ್ಲಿ ಸರ್ಕಾರಿ ವಕೀಲರ ಮೊದಲ ಕೆಲಸ ಗೆಲ್ಲುವುದಲ್ಲ. ಮಗು ಏನು ಹೇಳಿತೋ ಅದು ಅದರ ಮಾತಿನಲ್ಲೇ ನ್ಯಾಯಾಲಯದ ದಾಖಲೆಗೆ ಸೇರುವಂತೆ ನೋಡಿಕೊಳ್ಳುವುದು. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ನಾವು ಯಾರ ವಕೀಲರು?

ಖಾಸಗಿ ವಕೀಲರಿಗೆ ಕಕ್ಷಿದಾರರಿರುತ್ತಾರೆ. ಅವರು ವಕಾಲತ್ತಿಗೆ ಸಹಿ ಹಾಕುತ್ತಾರೆ, ಕಚೇರಿಗೆ ಬಂದು ಕೂತು ಮಾತಾಡುತ್ತಾರೆ. ಸರ್ಕಾರಿ ವಕೀಲರಿಗೆ ಹಾಗಿಲ್ಲ. ಕಡತದ ತಲೆಬರಹದಲ್ಲಿ ಒಂದು ಕಡೆ ಕರ್ನಾಟಕ ರಾಜ್ಯ, ಇನ್ನೊಂದು ಕಡೆ ಆರೋಪಿ. ಮಗುವಿನ ಹೆಸರು ಎಲ್ಲೂ ಇಲ್ಲ. ಅದು ಸಾಕ್ಷಿಗಳ ಪಟ್ಟಿಯಲ್ಲಿನ ಒಂದು ಸಂಖ್ಯೆ. ಯಾರಿಗಾಗಿ ಈ ಕೆಲಸ ಮಾಡುತ್ತೇವೋ ಆ ಮಗು ನಮ್ಮ ಕಕ್ಷಿದಾರಳಲ್ಲ. ಈ ವಿಚಿತ್ರವನ್ನು ಅರಗಿಸಿಕೊಳ್ಳಲು ನನಗೆ ಕೆಲವು ವರ್ಷ ಬೇಕಾಯಿತು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ಅಂದರೆ ಪೋಕ್ಸೊ, ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಅದರ 32ನೇ ಕಲಮಿನಂತೆ ವಿಶೇಷ ಸರ್ಕಾರಿ ಅಭಿಯೋಜಕರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ. ಕನಿಷ್ಠ 7 ವರ್ಷ ವಕೀಲಿಕೆ ಮಾಡಿದವರಿಗೆ ಮಾತ್ರ ಆ ಅರ್ಹತೆ. ಮಗುವಿನ ಮನೆಯವರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು, ಶಕ್ತಿಯಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಒದಗಿಸಬೇಕು. ಆದರೆ ಪ್ರಕರಣದ ಹೊಣೆ ಸರ್ಕಾರಿ ವಕೀಲರದೇ.

ಒಂದೇ ಮಗುವಿಗೆ ಎರಡು ಕಡತಗಳಿರುತ್ತವೆ. ದೂರು ಬಂದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಆ ಸಮಿತಿ ಕೇಳುವುದು: ಈ ಮಗು ಇವತ್ತು ರಾತ್ರಿ ಎಲ್ಲಿ ಮಲಗಬೇಕು? ಮನೆಯಲ್ಲೋ, ಅಜ್ಜಿಯ ಹತ್ತಿರವೋ, ಬಾಲಮಂದಿರದಲ್ಲೋ? ನ್ಯಾಯಾಲಯ ಕೇಳುವುದು: ಆರೋಪಿ ತಪ್ಪಿತಸ್ಥನೋ ಅಲ್ಲವೋ? ಸರ್ಕಾರಿ ವಕೀಲರ ಮೇಜಿಗೆ ಬರುವುದು ಎರಡನೆಯ ಕಡತ ಮಾತ್ರ. ಮೊದಲನೆಯದನ್ನು ನಾವೇ ಹುಡುಕಿಕೊಂಡು ಹೋಗಿ ಓದಬೇಕು. ಮಗು ಎಲ್ಲಿ ಮಲಗುತ್ತಿದೆ ಎಂದು ತಿಳಿಯದವರಿಗೆ ಅದು ಕೋರ್ಟಿನಲ್ಲಿ ಯಾಕೆ ತಲೆ ತಗ್ಗಿಸಿತು ಎಂಬುದೂ ತಿಳಿಯುವುದಿಲ್ಲ.

ರೊಟ್ಟಿ ಬಡಿಯುವ ಹೊತ್ತು

ಈ ಹೊಣೆ ನನಗೆ ಹೊಸದಾಗಿದ್ದಾಗಿನ ಮಾತು. ಉತ್ತರ ಕರ್ನಾಟಕದ ಒಂದು ಹಳ್ಳಿಯ ಹುಡುಗಿ, 7 ವರ್ಷ. ದೋಷಾರೋಪಣ ಪಟ್ಟಿಯಲ್ಲಿದ್ದ ಅವಳ ಹೇಳಿಕೆ ಹೀಗೆ ಶುರುವಾಗುತ್ತಿತ್ತು: "ಸದರಿ ದಿನದಂದು ಸಾಯಂಕಾಲ ಸುಮಾರು 5-30 ಗಂಟೆಗೆ ನಾನು ನಮ್ಮ ಮನೆಯ ಹಿಂಭಾಗದಲ್ಲಿ ಆಟವಾಡುತ್ತಿರುವಾಗ್ಗೆ..." ಎರಡನೇ ಇಯತ್ತೆಯ ಹುಡುಗಿ "ಸದರಿ" ಎನ್ನುತ್ತಾಳೆಯೇ ಎಂದು ನನಗೆ ಆಗ ಹೊಳೆಯಲಿಲ್ಲ. ಎಲ್ಲ ಹೇಳಿಕೆಗಳೂ ಹಾಗೇ ಇರುತ್ತಿದ್ದವು, ಓದಿ ಓದಿ ಕಣ್ಣಿಗೆ ರೂಢಿಯಾಗಿತ್ತು.

ಸಾಕ್ಷ್ಯದ ದಿನ ಬೆಳಿಗ್ಗೆ, ನ್ಯಾಯಾಲಯದ ವರಾಂಡದಲ್ಲಿ, ಮೊದಲ ಸಲ ಆ ಹುಡುಗಿಯನ್ನು ನೋಡಿದೆ. ಹತ್ತು ನಿಮಿಷ ಮಾತಾಡಿಸಿದೆ. ಅದೇ ನನ್ನ ತಯಾರಿ. ಒಳಗೆ ಪರದೆಯಿತ್ತು, ಅವಳ ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ದಳು. ನ್ಯಾಯಾಧೀಶರು ಮೆಲ್ಲಗೆ ಕೇಳಿದರು, "ಅದು ಆದಾಗ ಎಷ್ಟು ಹೊತ್ತಾಗಿತ್ತು ಪುಟ್ಟಿ?"

"ಅವ್ವ ರೊಟ್ಟಿ ಬಡಿಯಾಕತ್ತಿದ್ಲು."

ದಾಖಲೆಯಲ್ಲಿ ಬಂದದ್ದು, "ಘಟನೆ ನಡೆದಾಗ ನನ್ನ ತಾಯಿ ಅಡುಗೆ ಮಾಡುತ್ತಿದ್ದಳು." ಪಾಟಿ ಸವಾಲಿನಲ್ಲಿ ಆರೋಪಿ ಪರ ವಕೀಲರು ಅದನ್ನೇ ಹಿಡಿದರು. ತಾಯಿ ತನ್ನ ಸಾಕ್ಷ್ಯದಲ್ಲಿ ರಾತ್ರಿಯ ಅಡುಗೆಗೆ ಕೂತದ್ದು 7 ಗಂಟೆಯ ಮೇಲೆ ಎಂದಿದ್ದಳು. ಪೊಲೀಸ್ ಹೇಳಿಕೆಯಲ್ಲಿ 5-30 ಇತ್ತು. ಆರೋಪಿ 6 ಗಂಟೆಯ ಬಸ್ಸಿಗೆ ಪೇಟೆಗೆ ಹೋಗಿದ್ದನೆಂದು ಇಬ್ಬರು ಹೇಳಿದರು. ಅಲ್ಲಿಗೆ ಹೊತ್ತು ಕೂಡಿಬರಲಿಲ್ಲ.

ಆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದದ್ದು ಹೊಲದಿಂದ ಬಂದ ಕೂಡಲೇ, ಬೆಳಕಿರುವಾಗಲೇ. ಪಲ್ಯ, ಸಾರು ಆಮೇಲೆ, ದೀಪ ಹಚ್ಚಿದ ಮೇಲೆ. ಹುಡುಗಿ ಗಡಿಯಾರ ನೋಡಲು ಬಾರದಿದ್ದರೂ ಹೊತ್ತನ್ನು ಸರಿಯಾಗಿಯೇ ಹೇಳಿದ್ದಳು. "ರೊಟ್ಟಿ" ಎಂಬ ಅವಳ ಪದ "ಅಡುಗೆ" ಆದಾಗ ಹೊತ್ತು ಒಂದೂವರೆ ಗಂಟೆ ಜರುಗಿತು. ತಾಯಿಯನ್ನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆ ಪ್ರಶ್ನೆ ನಾನು ಕೇಳಲಿಲ್ಲ, ಯಾಕೆಂದರೆ ನನಗೇ ಅದು ಗೊತ್ತಿರಲಿಲ್ಲ. ಗೊತ್ತಾದದ್ದು ತೀರ್ಪಿನ ನಂತರ, ಆ ತಾಯಿಯ ಬಾಯಿಂದಲೇ. ತೀರ್ಪಿನಲ್ಲಿ ಬೇರೆ ಕಾರಣಗಳೂ ಇದ್ದವು, ಆದರೆ ಮೊದಲ ಕಾರಣ ಇದು. ಸಂಶಯದ ಲಾಭ ಕೊಟ್ಟು ಆರೋಪಿಯನ್ನು ಖುಲಾಸೆ ಮಾಡಲಾಯಿತು. ತಪ್ಪು ನನ್ನದು, ಇನ್ನೊಬ್ಬರ ಮೇಲೆ ಹಾಕಲಾರೆ.

ಸಾಕ್ಷ್ಯ ಮುಗಿಸಿ ಹೊರಗೆ ಬಂದಾಗ ಆ ಹುಡುಗಿ ನನ್ನ ಕರಿ ಕೋಟಿನ ತುದಿ ಹಿಡಿದು ಕೇಳಿದ್ದಳು, "ಮೇಡಂ, ನಾ ಹೇಳಿದ್ದು ಬರಕೊಂಡ್ರೇನ್ರಿ?" ಹೂಂ ಎಂದಿದ್ದೆ.

ಕಾನೂನು ಈಗಾಗಲೇ ಹೇಳಿದೆ

ಇದು ಕಾನೂನಿನ ಕೊರತೆ ಅಲ್ಲ. ಪೋಕ್ಸೊ ಕಾಯ್ದೆಯ 25 ಮತ್ತು 26ನೇ ಕಲಮುಗಳನ್ನು ಓದಿ. ಮ್ಯಾಜಿಸ್ಟ್ರೇಟರಾಗಲಿ ಪೊಲೀಸರಾಗಲಿ ಮಗುವಿನ ಹೇಳಿಕೆಯನ್ನು "ಮಗು ಆಡಿದಂತೆಯೇ" ಬರೆದುಕೊಳ್ಳಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. 24ನೇ ಕಲಮಿನಂತೆ ಪೊಲೀಸರು ಮಗುವಿನ ಮನೆಗೋ ಅದಕ್ಕೆ ಇಷ್ಟವಾದ ಜಾಗಕ್ಕೋ ಹೋಗಬೇಕು, ಸಮವಸ್ತ್ರ ಧರಿಸಿರಬಾರದು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಕೇಳಬೇಕು. ಇಷ್ಟೆಲ್ಲ ಏರ್ಪಾಡು ಮಾಡಿದ್ದು ಯಾಕೆ? ಮಗು ತನ್ನ ಮಾತಿನಲ್ಲಿ ಮಾತಾಡಲಿ ಎಂದು. ಹಾಗೆ ಆಡಿದ ಮಾತನ್ನು ಠಾಣೆಯ ಕನ್ನಡಕ್ಕೆ ತಿರುಗಿಸಿಬಿಟ್ಟರೆ ಸಮವಸ್ತ್ರ ಕಳಚಿಟ್ಟು ಹೋದದ್ದರಿಂದ ಏನು ಬಂತು?

ನ್ಯಾಯಾಲಯದ ಒಳಗಿನ ಕ್ರಮವೂ ಬೇರೆ. 33ನೇ ಕಲಮಿನಂತೆ ನಾವಾಗಲಿ ಆರೋಪಿಯ ವಕೀಲರಾಗಲಿ ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ಕೇಳುತ್ತಾರೆ. ನಡುನಡುವೆ ಬಿಡುವು ಕೊಡಬೇಕು. ಗದರಿಸುವ, ಮಗುವಿನ ನಡತೆಗೆ ಮಸಿ ಬಳಿಯುವ ಪ್ರಶ್ನೆಗಳಿಗೆ ಅವಕಾಶವಿಲ್ಲ. ಆರೋಪಿ ಕಣ್ಣಿಗೆ ಬೀಳದಂತೆ ಪರದೆಯೋ ವಿಡಿಯೊ ಸಂಪರ್ಕವೋ ಇರಬೇಕು. ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಮುಗಿಯಬೇಕು, ಆದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು.

ಚಿಕ್ಕ ಮಕ್ಕಳ ಮಾತನ್ನು ನಂಬಬಹುದೇ ಎಂಬ ಪ್ರಶ್ನೆಗೂ ಉತ್ತರ ಹಳೆಯದೇ. ರಾಜಸ್ಥಾನದ ರಾಮೇಶ್ವರ್ ಪ್ರಕರಣದಲ್ಲಿ, ಪ್ರಮಾಣವಚನದ ಪಾವಿತ್ರ್ಯ ತಿಳಿಯದ 8 ವರ್ಷದ ಹುಡುಗಿಯ ಸಾಕ್ಷ್ಯ ಅಷ್ಟರಿಂದಲೇ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1952ರ ವರದಿಗಳಲ್ಲಿ ಆ ತೀರ್ಪಿದೆ. ಮಗುವಿಗೆ ನಿಜ ಹೇಳಬೇಕೆಂಬುದು ತಿಳಿದಿದೆಯೇ ಎಂದು ನೋಡಿ ನ್ಯಾಯಾಧೀಶರು ಅದನ್ನು ಬರೆದಿಡಬೇಕು ಎಂದೂ ಹೇಳಿತು. ಅದಕ್ಕೇ ನಮ್ಮ ಕೋರ್ಟುಗಳಲ್ಲಿ ಮೊದಲು ಯಾವ ಶಾಲೆ, ಟೀಚರ ಹೆಸರೇನು, ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಕೇಳುವುದು. "ದೇವರು ಕಣ್ಣು ಕೀಳ್ತಾನೆ" ಎಂದ ಮಕ್ಕಳಿದ್ದಾರೆ, "ಅಜ್ಜಿಗೆ ಬ್ಯಾಸರಾಗ್ತದ" ಎಂದ ಮಕ್ಕಳೂ ಇದ್ದಾರೆ. ಎರಡೂ ಸರಿಯಾದ ಉತ್ತರಗಳೇ.

ಒಂದು ಪದದ ಅರ್ಥಕ್ಕಾಗಿ ದೇಶದ ಅತ್ಯುನ್ನತ ಸರ್ಕಾರಿ ವಕೀಲರೇ ಎದ್ದು ನಿಂತ ಉದಾಹರಣೆಯೂ ಇದೆ. ಬಟ್ಟೆಯ ಮೇಲಿಂದ ಮುಟ್ಟಿದ್ದು, ಚರ್ಮಕ್ಕೆ ಚರ್ಮ ತಾಗಿಲ್ಲ, ಆದ್ದರಿಂದ ಪೋಕ್ಸೊ ಪ್ರಕಾರದ ಲೈಂಗಿಕ ಹಲ್ಲೆಯಲ್ಲ ಎಂದು 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತೀರ್ಪು ಕೊಟ್ಟಿತು. ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. "ಮುಟ್ಟುವುದು" ಎಂಬ ಒಂದೇ ಪದ. ಮಗುವಿಗೆ ಅದರ ಅರ್ಥದಲ್ಲಿ ಯಾವ ಗೊಂದಲವೂ ಇರಲಿಲ್ಲ.

ಮನೆಮಾತಿನ ಒಂದು ಪದ

ರೊಟ್ಟಿಯ ಪ್ರಕರಣದ ನಂತರ ನಾನು ನನ್ನ ಕೆಲಸದ ಕ್ರಮ ಬದಲಿಸಿಕೊಂಡೆ. ಸಾಕ್ಷ್ಯಕ್ಕೆ ಮೊದಲು ಕನಿಷ್ಠ ಎರಡು ಸಲ ಮಗುವನ್ನು ಭೇಟಿ ಮಾಡುತ್ತಿದ್ದೆ. ಘಟನೆಯ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಕೇಳಿದರೆ ಹೇಳಿಕೊಟ್ಟಂತೆ ಆಗುತ್ತದೆ. ನಿಮ್ಮ ಮನೆಯಲ್ಲಿ ಯಾರು ಮೊದಲು ಏಳುತ್ತಾರೆ, ಹಾಲಿನವನು ಯಾವಾಗ ಬರುತ್ತಾನೆ, ಶಾಲೆಗೆ ಯಾವ ದಾರಿ ಎಂದಷ್ಟೇ ಕೇಳುತ್ತಿದ್ದೆ. ಮಗುವಿನ ಗಡಿಯಾರ ಯಾವುದು, ದಿಕ್ಕು ಯಾವುದು, ಯಾರನ್ನು ಏನೆಂದು ಕರೆಯುತ್ತದೆ ಎಂಬುದು ತಿಳಿದರೆ ಸಾಕು. ಖಾಲಿ ಕೋರ್ಟ್ ಹಾಲ್ ತೋರಿಸಿ, ಜಡ್ಜ್ ಸಾಹೇಬರು ಎಲ್ಲಿ ಕೂರುತ್ತಾರೆ, ಟೈಪ್ ಮಾಡುವವರು ಎಲ್ಲಿ ಕೂರುತ್ತಾರೆ ಎಂದು ಹೇಳುತ್ತಿದ್ದೆ.

ಇನ್ನೊಂದು ಪ್ರಕರಣದಲ್ಲಿ 9 ವರ್ಷದ ಹುಡುಗಿ ತನ್ನ ಮೈಯ ಒಂದು ಭಾಗಕ್ಕೆ ಒಂದು ಪದ ಬಳಸಿದಳು. ಅದು ಯಾವ ನಿಘಂಟಿನಲ್ಲೂ ಇಲ್ಲ. ಕೂಸಿದ್ದಾಗ ಅಜ್ಜಿ ಸ್ನಾನ ಮಾಡಿಸುವಾಗ ಹುಟ್ಟಿದ, ಆ ಮನೆಯೊಳಗೆ ಮಾತ್ರ ನಡೆಯುವ ಪದ. ಸ್ಟೆನೊ ಅದನ್ನು "ಗುಪ್ತಾಂಗ" ಎಂದು ಟೈಪ್ ಮಾಡಿದರು. ನಾನು ಎದ್ದು ನಿಂತು, ಮಗು ಹೇಳಿದ ಪದವೇ ಬರಬೇಕು, ಅದರ ಅರ್ಥವನ್ನು ಚಿತ್ರದ ಮೇಲೆ ತೋರಿಸಲು ಮಗುವಿಗೆ ಹೇಳಬೇಕು ಎಂದು ಕೇಳಿಕೊಂಡೆ. ನ್ಯಾಯಾಧೀಶರು ಒಪ್ಪಿದರು. ಮಗು ಚಿತ್ರದ ಮೇಲೆ ಬೆರಳಿಟ್ಟಿತು. ಪದವೂ ದಾಖಲಾಯಿತು, ಬೆರಳಿಟ್ಟ ಜಾಗವೂ ದಾಖಲಾಯಿತು.

ಪಾಟಿ ಸವಾಲಿನಲ್ಲಿ ಎಂದಿನ ಪ್ರಶ್ನೆ ಬಂತು: ಇದನ್ನೆಲ್ಲ ಪೊಲೀಸರು ನಿನಗೆ ಹೇಳಿಕೊಟ್ಟರಲ್ಲವೇ? ಆ ಆರೋಪ ಅಲ್ಲಿ ನಿಲ್ಲಲಿಲ್ಲ. ಪೊಲೀಸರಿಗೆ ಗೊತ್ತೇ ಇಲ್ಲದ ಪದವನ್ನು ಅವರು ಹೇಳಿಕೊಡುವುದು ಹೇಗೆ? ಮಗುವಿನ ಬಾಯಲ್ಲಿ "ಗುಪ್ತಾಂಗ" ಎಂದು ಬರೆದಿದ್ದರೆ ಅದೇ ಕಲಿಸಿಕೊಟ್ಟ ಮಾತಿನ ಗುರುತಾಗುತ್ತಿತ್ತು. ಕಾನೂನು ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಗುವಿನ ಮಾತನ್ನು ನಾವು ಚಂದ ಮಾಡಿದಷ್ಟೂ ಅದರ ಬಲ ಕುಂದುತ್ತದೆ.

ಪ್ರಶ್ನೆ ಹೆಣೆಯುವಾಗಲೂ ಕನ್ನಡದ ಮಕ್ಕಳ ಸ್ವಭಾವ ತಿಳಿದಿರಬೇಕು. ದೊಡ್ಡವರಿಗೆ "ಇಲ್ಲ" ಎನ್ನಬಾರದು ಎಂದು ಕಲಿಸಿ ಬೆಳೆಸಿದ ಮಕ್ಕಳು ಇವರು. "ಹೌದಲ್ಲವಾ?" ಎಂದರೆ ಗೋಣು ಹಾಕುತ್ತಾರೆ. ಎಷ್ಟೋ ಸಲ ಅವರ "ಹೂಂ" ಎಂದರೆ ನೀವು ಹೇಳಿದ್ದು ಕೇಳಿಸಿತು ಎಂದಷ್ಟೇ, ನಿಜ ಎಂದಲ್ಲ. ನಮ್ಮ ದಾಖಲೆಗಳಲ್ಲಿ "ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ" ಎಂಬ ಸಾಲು ಇರದ ಪಾಟಿ ಸವಾಲೇ ಸಿಗುವುದಿಲ್ಲ. ಯಾವ ಮಗು ಹಾಗೆ ಮಾತಾಡುತ್ತದೆ? ಒಮ್ಮೆ ಒಬ್ಬ ಹುಡುಗ ಆ ಪ್ರಶ್ನೆಗೆ, "ನಾ ಯಾಕ ಸುಳ್ಳು ಹೇಳ್ಲಿ? ನಮ್ಮಪ್ಪ ಅವನ ಕಡಿಂದ ಸಾಲ ತಗೊಂಡಾನ" ಎಂದ. ಆ ಉತ್ತರ ಹಾಗೆಯೇ ದಾಖಲಾಗಬೇಕೆಂದು ಕೇಳಿಕೊಂಡೆ. ನಿಜ ಹೇಳಿದರೆ ಮನೆಗೆ ಕಷ್ಟ ಎಂಬುದು ಗೊತ್ತಿದ್ದೂ ಹುಡುಗ ಬಾಯಿಬಿಟ್ಟಿದ್ದ.

ಮೌನಕ್ಕೆ ‘ಪ್ರತಿಕೂಲ’ ಎನ್ನುವುದು

ಈ ಕೆಲಸದಲ್ಲಿ ನನಗೆ ಬಹಳ ನೋವು ಕೊಟ್ಟದ್ದು ಮಗುವೇ ತಿರುಗಿಬೀಳುವ ಪ್ರಕರಣಗಳು. ಮೊದಲು ಹೇಳಿದ್ದನ್ನು ಕೋರ್ಟಿನಲ್ಲಿ ಹೇಳುವುದಿಲ್ಲ. ಆಗ ಸರ್ಕಾರಿ ವಕೀಲರು ಎದ್ದು, ಈ ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸಿ ಪಾಟಿ ಸವಾಲಿಗೆ ಅನುಮತಿ ಕೊಡಬೇಕು ಎಂದು ಕೇಳಬೇಕು. ಕೋರ್ಟಿನ ಭಾಷೆಯಲ್ಲಿ "ಹಾಸ್ಟೈಲ್ ಆಯ್ತು" ಎನ್ನುತ್ತೇವೆ. ಹತ್ತು ವರ್ಷದ ಮಗುವಿನ ಬಗ್ಗೆ ಆ ಪದ ಬಳಸುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟಿದೆ. ಮಗು ಯಾರಿಗೂ ಪ್ರತಿಕೂಲವಾಗಿರುವುದಿಲ್ಲ, ಹೆದರಿ ಬಾಯಿ ಮುಚ್ಚಿಕೊಂಡಿರುತ್ತದೆ.

ಕಾರಣಗಳು ಕಣ್ಣಿಗೆ ಕಾಣುವಂಥವೇ. ಆರೋಪಿ ಬಹುತೇಕ ಪರಿಚಿತನೇ: ಸೋದರಮಾವ, ಪಕ್ಕದ ಮನೆಯವನು, ಕೆಲವೊಮ್ಮೆ ಮನೆಗೆ ದುಡಿದು ಹಾಕುವವನೇ. ಅವನು ಜೈಲಿಗೆ ಹೋದ ತಿಂಗಳಿಂದ ಮನೆಯ ಅಕ್ಕಿ ಡಬ್ಬ ಖಾಲಿ. ಬಂಧುಗಳು ಬಂದು ಕೂರುತ್ತಾರೆ, ಊರಿನವರು ರಾಜಿ ಪಂಚಾಯ್ತಿ ಮಾಡುತ್ತಾರೆ. 30 ದಿನದಲ್ಲಿ ಆಗಬೇಕಿದ್ದ ಸಾಕ್ಷ್ಯ ವಾಯಿದೆಯ ಮೇಲೆ ವಾಯಿದೆಯಾಗಿ ಎರಡನೇ ವರ್ಷಕ್ಕೆ ಬೀಳುತ್ತದೆ. ಅಷ್ಟರಲ್ಲಿ ಮಗು ನಂಬಿದ್ದ ಎಲ್ಲರೂ ಅದಕ್ಕೆ "ಸುಮ್ನಿರು" ಎಂದಿರುತ್ತಾರೆ.

ಹೀಗಿರುವಾಗ ಸರ್ಕಾರಿ ವಕೀಲರು ವಾದಕ್ಕಿಂತ ಮೊದಲು ಅಕ್ಕಿಯ ಬಗ್ಗೆ ಯೋಚಿಸಬೇಕು. ಇದು ಕರುಣೆಯ ಮಾತಲ್ಲ, ನಿಯಮದಲ್ಲೇ ಇದೆ. 2020ರ ಪೋಕ್ಸೊ ನಿಯಮಗಳಂತೆ ಆಹಾರ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ನೆರವನ್ನು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು. ಮೊದಲ ದಿನದಿಂದ ಕೊನೆಯವರೆಗೆ ಮಗುವಿನ ಜೊತೆ ನಡೆಯುವ ಸಹಾಯಕ ವ್ಯಕ್ತಿಯನ್ನು ನೇಮಿಸಬಹುದು. ಈ ಸಹಾಯಕರ ನೇಮಕ ಸರಿಯಾಗಿ ನಡೆಯಬೇಕೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿವರವಾದ ನಿರ್ದೇಶನಗಳನ್ನು ಕೊಟ್ಟಿದೆ. ಒಂದು ಪ್ರಕರಣದಲ್ಲಿ ಮಧ್ಯಂತರ ಪರಿಹಾರದ ಹಣ ಬಂದ ಮೇಲೆ ತಾಯಿ ಹೊಲಿಗೆ ಯಂತ್ರ ಕೊಂಡಳು. ಸಂಬಂಧಿಕರ ಮನೆ ಬಿಟ್ಟು ಬೇರೆ ಕೋಣೆ ಹಿಡಿದಳು. ಅವಳ ಮಗಳು ಕೋರ್ಟಿನಲ್ಲಿ ಮಾತಾಡಿದಳು. ನನ್ನ ವಾದ ಮಾಡಲಾಗದ್ದನ್ನು ಆ ಹೊಲಿಗೆ ಯಂತ್ರ ಮಾಡಿತ್ತು.

ನಮ್ಮ ಪರ ಇಲ್ಲದ ಮಾತು

ಮಗು ಆಡಿದಂತೆಯೇ ಎಂದು ಒಪ್ಪಿಕೊಂಡರೆ, ನಮ್ಮ ಪ್ರಕರಣಕ್ಕೆ ಒಗ್ಗದ ಮಾತನ್ನೂ ಹಾಗೆಯೇ ಒಪ್ಪಬೇಕಾಗುತ್ತದೆ.

ಮಗುವಿನ ಪರ ಸರ್ಕಾರ ನಿಲ್ಲುವುದು ನಮ್ಮ ನೆಲದಲ್ಲಿ ಹೊಸತಲ್ಲ. 1894ರಲ್ಲೇ ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, 50 ದಾಟಿದ ಗಂಡಸು 14 ವರ್ಷದೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತ್ತು. ನಮ್ಮ ಕಾಲದಲ್ಲಿ ಕರ್ನಾಟಕವು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೂಲತಃ ಅಸಿಂಧು ಎಂದು ಸಾರಿತು. 2017ರ ಇಂಡಿಪೆಂಡೆಂಟ್ ಥಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೆಚ್ಚಿಕೊಂಡಿತು. ಈ ಕಾನೂನುಗಳು ಬೇಕು. ಆದರೆ ಕಾಯುವ ಕೈ ಕೆಲವೊಮ್ಮೆ ಬಾಯಿಯನ್ನೂ ಮುಚ್ಚುತ್ತದೆ.

ಹದಿನೇಳರ ಹುಡುಗಿ ತಾನು ಮೆಚ್ಚಿದ ಹುಡುಗನ ಜೊತೆ ಹೋಗಿರುತ್ತಾಳೆ. ತಂದೆ ದೂರು ಕೊಡುತ್ತಾನೆ. 18ರೊಳಗಿನವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅವಳು ಸಾಕ್ಷಿಯಾಗಿ ಬಂದು, "ನಾನೇ ಹೋದೆ, ಅವನು ಕರೆದಿಲ್ಲ" ಎನ್ನುತ್ತಾಳೆ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸುವಂತೆ ಕಾನೂನು ಆಯೋಗವನ್ನು ಕೋರಿತು. ಆಯೋಗ ತನ್ನ 283ನೇ ವರದಿಯಲ್ಲಿ, 2023ರಲ್ಲಿ, ಮಿತಿ 18ರಲ್ಲೇ ಇರಲಿ, ಆದರೆ 16ರಿಂದ 18ರ ನಡುವಿನವರ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿಚಾರದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು.

ಈ ಚರ್ಚೆಯನ್ನು ಇತ್ಯರ್ಥ ಮಾಡುವುದು ಶಾಸಕಾಂಗದ ಕೆಲಸ. ಆದರೆ ಅವಳು ಹೇಳಿದ್ದನ್ನು ಪೂರ್ತಿಯಾಗಿ ದಾಖಲಿಸಲು ಬಿಡುವುದು ನನ್ನ ಕೆಲಸ. ಅವಳ ಬಾಯಿಂದ ಬೇರೆ ಮಾತು ಹೊರಡಿಸಲು ಹೆಣಗುವುದು ಸರ್ಕಾರಿ ವಕೀಲರಿಗೆ ತಕ್ಕದ್ದಲ್ಲ. ಏಳು ವರ್ಷದವಳ "ರೊಟ್ಟಿ"ಗೆ ಎಷ್ಟು ಮರ್ಯಾದೆಯೋ ಹದಿನೇಳರವಳ "ನಾನೇ ಹೋದೆ" ಎಂಬುದಕ್ಕೂ ಅಷ್ಟೇ ಮರ್ಯಾದೆ. ಸರ್ಕಾರಕ್ಕೆ ಶಿಕ್ಷೆಗಳ ಲೆಕ್ಕ ಮುಖ್ಯವಲ್ಲ, ಸತ್ಯ ಮುಖ್ಯ. ಸರ್ಕಾರದ ಪರ ನಿಂತವರಿಗೂ ಅಷ್ಟೇ.

ಶಿಕ್ಷಕರಲ್ಲಿ ಒಂದು ಬೇಡಿಕೆ

ಕೊನೆಯ ಮಾತನ್ನು ಈ ದತ್ತಿಯ ಹಿಂದಿರುವ ಶಿಕ್ಷಕಿಯ ನೆನಪಿಗೆ ತಕ್ಕಂತೆ ಶಿಕ್ಷಕರಿಗೇ ಹೇಳುತ್ತೇನೆ. ಮಗು ಇಂಥ ಸಂಗತಿಯನ್ನು ಮನೆಯ ಹೊರಗೆ ಮೊದಲು ಹೇಳುವುದು ಎಷ್ಟೋ ಸಲ ತನ್ನ ಟೀಚರಿಗೆ. ತಿಳಿದೂ ತಿಳಿಸದಿರುವುದು 21ನೇ ಕಲಮಿನಂತೆ ಅಪರಾಧ. 1098 ಸಹಾಯವಾಣಿಗೆ ಕರೆ ಮಾಡಿ, ಪೊಲೀಸರಿಗೆ ತಿಳಿಸಿ. ಆದರೆ ಅದಕ್ಕೂ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಇವತ್ತಿನ ತಾರೀಖು ಹಾಕಿ. ನೀವು ಏನು ಕೇಳಿದಿರಿ, ಮಗು ಏನು ಹೇಳಿತು ಎಂದು ಬರೆದು ಸಹಿ ಮಾಡಿ. ಎರಡನೇ ಸಲ ಕೇಳಬೇಡಿ.

ನಿಮ್ಮ ಇಡೀ ವೃತ್ತಿ ಮಕ್ಕಳ ಕನ್ನಡವನ್ನು ತಿದ್ದುವುದು. ಒತ್ತಕ್ಷರ ಬಿಟ್ಟರೆ ಹಾಕಿಸುತ್ತೀರಿ, ಆಡುಮಾತು ಬರೆದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೀರಿ. ಅದು ಒಳ್ಳೆಯ ಕೆಲಸ, ಅದರಿಂದಲೇ ನಾನೂ ನಿಮ್ಮ ಮುಂದೆ ನಿಂತಿದ್ದೇನೆ. ಆದರೆ ಆ ಒಂದು ಹಾಳೆಯಲ್ಲಿ ದಯವಿಟ್ಟು ಏನನ್ನೂ ತಿದ್ದಬೇಡಿ.